ಒಳಗೆ ಯಾರಿದ್ದಾರೆ ಅಂತ ಕೇಳಬಾರದು

ಕಳೆದ ಡಿಸೆಂಬರಿನಲ್ಲಿ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ಅಬುಧಾಬಿಯ ಯಾಸ್ ಐಲ್ಯಾಂಡಿನಲ್ಲಿರುವ ವಾರ್ನರ್ ಬ್ರದರ್ಸ್ ವರ್ಲ್ಡ್ ಎಂಬ ಥೀಮ್ ಪಾರ್ಕ್. ಮಗನ ಮನೆಗೆಂದು ಹೋಗಿದ್ದ ನಮ್ಮ ದೊಡ್ಡಮ್ಮ ಅಲ್ಲಿ ಬಗ್ಸ್ ಬನ್ನಿ ಎಂಬ ಆಳೆತ್ತರದ ಕಾರ್ಟೂನ್ ಮೊಲದ ಕೈ ಹಿಡಿದು ನಿಂತಿದ್ದರು. ಪ್ರಾಯ 63. ಕಾಟನ್ ಸೀರೆ, ಮೇಲೊಂದು ಸ್ವೆಟರ್ (ಒಳಗೆ ಏಸಿ ಜೋರಂತೆ), ಹೆಗಲಲ್ಲಿ ಮೊಮ್ಮಗನ ನೀರಿನ ಬಾಟಲಿ. ಮುಖದಲ್ಲಿ ಮಾತ್ರ ನಾನು ಯಾವ ಮದುವೆಯ ಆಲ್ಬಮ್ಮಿನಲ್ಲೂ ಕಾಣದ ನಗು.

ಗ್ರೂಪಿನಲ್ಲಿ ತಮಾಷೆ ಶುರುವಾಯಿತು. ಮೊಮ್ಮಗ ಎಲ್ಲಿ ಅಂತ ಒಬ್ಬರು ಕೇಳಿದರು. ಅವನು ಮೊಲವನ್ನು ಕಂಡದ್ದೇ ಕಿರುಚಿ ಅಪ್ಪನ ಹೆಗಲು ಹತ್ತಿದ್ದನಂತೆ. "ಈ ಪ್ರಾಯದಲ್ಲಿ ಇದೆಲ್ಲ ಎಂತ ದೊಡ್ಡಮ್ಮ?" ಅಂತ ನಾನೂ ಒಂದು ಬಿಟ್ಟೆ. ಹತ್ತು ನಿಮಿಷದಲ್ಲಿ ವಾಯ್ಸ್ ಮೆಸೇಜ್ ಬಂತು. "ನೀವೆಲ್ಲ ದಸರಾಕ್ಕೆ ಹುಲಿವೇಷದ ಒಟ್ಟಿಗೆ ಫೋಟೋ ತೆಗೆಸಿಕೊಂಡ್ರೆ ಅಡ್ಡಿ ಇಲ್ಲ. ನಾನು ಮೊಲದ ಒಟ್ಟಿಗೆ ತೆಗೆಸಿಕೊಂಡ್ರೆ ನಿಮಗೆ ನಗೆಯಾ ಮಾರಾಯಾ?"

ನನಗೆ ಉತ್ತರ ಹೊಳೆಯಲಿಲ್ಲ. ಅವರ ಪ್ರಶ್ನೆ ಸರಿಯಾಗಿಯೇ ಇತ್ತು.

ಥೀಮ್ ಪಾರ್ಕ್ ಅಂದರೆ ಮಕ್ಕಳ ಜಾಗ, ದೊಡ್ಡವರು ಅಲ್ಲಿ ಬ್ಯಾಗ್ ಹಿಡಿದುಕೊಳ್ಳಲು ಇರುವವರು ಎನ್ನುವುದು ನಮ್ಮ ಅಂದಾಜು. ಆದರೆ ಈ ಪಾರ್ಕುಗಳ ಕಥೆ ಶುರುವಾಗುವುದೇ ಬೇಜಾರು ಬಂದ ಒಬ್ಬ ಅಪ್ಪನಿಂದ. ವಾಲ್ಟ್ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದರು. ಮಕ್ಕಳು ತಿರುಗುವ ಮರದ ಕುದುರೆ ಮೇಲೆ. ಇವರು ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತಾ ಕೂತು ಕಾಯುವುದು. ದೊಡ್ಡವರೂ ಮಕ್ಕಳೂ ಒಟ್ಟಿಗೆ ಖುಷಿಪಡುವ ಜಾಗ ಒಂದು ಬೇಕು ಅಂತ ಆ ಬೆಂಚಿನ ಮೇಲೆ ಹೊಳೆದದ್ದು ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ.

ಡಿಸ್ನಿಲ್ಯಾಂಡ್ ತೆರೆದದ್ದು 1955ರ ಜುಲೈ 17ರಂದು. ಮಿಕ್ಕಿ ಮೌಸ್‌ಗೆ ಆಗಲೇ 27ನೇ ವರ್ಷ ನಡೆಯುತ್ತಿತ್ತು. ಇಷ್ಟಾದರೂ ಪಾರ್ಕಿನ ಹತ್ತಿರ ಮಿಕ್ಕಿಯ ಸ್ವಂತ ವೇಷ ಇರಲಿಲ್ಲ! ಐಸ್ ಕೇಪೇಡ್ಸ್ ಎಂಬ, ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುತ್ತಾ ಆಟ ತೋರಿಸುವ ತಂಡದಿಂದ ಎರವಲು ತಂದರು. ಸ್ಕೇಟಿಂಗ್ ಮಾಡುವವನಿಗೆ ಮುಂದಿನದ್ದು ಕಾಣಬೇಕು, ಕೈಕಾಲು ಸಲೀಸಾಗಿ ಆಡಬೇಕು. ಅದಕ್ಕೆ ಹೊಂದಿಸಿ ಮಾಡಿದ ತಲೆಗಳು ಅವು. ಆ ಕಾಲದ ಕಪ್ಪು ಬಿಳುಪು ಫೋಟೋ ನೋಡಿದರೆ ಮಿಕ್ಕಿ ಮುದ್ದಾಗಿಲ್ಲ, ಸ್ವಲ್ಪ ಹೆದರಿಕೆಯೇ ಆಗುತ್ತದೆ. ಹತ್ತಿರದಿಂದ ಯಾರಾದರೂ ಅಪ್ಪಿಕೊಳ್ಳುತ್ತಾರೆ ಎನ್ನುವ ಯೋಚನೆ ಆ ತಲೆ ಮಾಡಿದವರಿಗೆ ಬಂದಿರಲಿಕ್ಕಿಲ್ಲ. ಸ್ಕೇಟಿಂಗ್ ನೋಡುವವರು ಕೂತಿರುವುದು ದೂರದಲ್ಲಿ, ಅಲ್ವಾ?

ಪಾರ್ಕಿನಲ್ಲಿ ಜನ ಹತ್ತಿರ ಬಂದರು. ಹತ್ತಿರ ಬಂದ ಮೇಲೆ ನಿಯಮಗಳೂ ಬಂದವು. ಪೂರ್ತಿ ಮುಚ್ಚಿದ ವೇಷದವರು ಮಾತಾಡಬಾರದು. ರಾಜಕುಮಾರಿಯರಂತೆ ಮುಖ ಕಾಣುವ ವೇಷದವರು ಮಾತಾಡಬಹುದು, ಆದರೆ ಪಾತ್ರ ಬಿಟ್ಟು ಒಂದು ಮಾತೂ ಆಡುವಂತಿಲ್ಲ. ಜನರ ಎದುರು ತಲೆ ತೆಗೆಯುವುದಂತೂ ಇಲ್ಲವೇ ಇಲ್ಲ. ಎಲ್ಲಕ್ಕಿಂತ ಮಜಾ ಅನಿಸಿದ್ದು ಅವರ ಮಾತಿನ ರೀತಿ. ಒಳಗಿರುವವರು "ನಾನು ಮಿಕ್ಕಿ ವೇಷ ಹಾಕುತ್ತೇನೆ" ಎನ್ನುವುದಿಲ್ಲ, "ನಾನು ಮಿಕ್ಕಿಯ ಸ್ನೇಹಿತ" ಎನ್ನುತ್ತಾರೆ. ಒಳಗೆ ಯಾರಿದ್ದಾರೆ ಎಂಬ ಪ್ರಶ್ನೆಯೇ ಹುಟ್ಟಬಾರದು ಅಂತ ಇಷ್ಟೆಲ್ಲ.

1983ರಲ್ಲಿ ಅಮೆರಿಕದ ಹೊರಗಿನ ಮೊದಲ ಡಿಸ್ನಿಲ್ಯಾಂಡ್ ಜಪಾನಿನ ಟೋಕಿಯೋ ಪಕ್ಕದಲ್ಲಿ ತೆರೆಯಿತು. ಮಕ್ಕಳಿಲ್ಲದೆ, ಗೆಳತಿಯರ ಜೊತೆ, ಆಫೀಸಿಗೆ ರಜೆ ಹಾಕಿ ಬರುವ ದೊಡ್ಡವರನ್ನು ಅಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಜಪಾನಿನಲ್ಲಿ ಊರೂರಿಗೂ ಒಂದೊಂದು ಗೊಂಬೆ ವೇಷ ಇದೆ. ಕುಮಾಮೊಟೊ ಪ್ರಾಂತ್ಯದ ಕುಮಾಮೊನ್ ಎಂಬ ಕೆಂಪು ಕೆನ್ನೆಯ ಕಪ್ಪು ಕರಡಿ ಹುಟ್ಟಿದ್ದು 2010ರಲ್ಲಿ, ಊರಿಗೆ ಬುಲೆಟ್ ರೈಲು ಬರುವುದನ್ನು ಸಾರಲು. ರೈಲಿನ ಸುದ್ದಿ ಹಳತಾಯಿತು, ಕರಡಿ ಉಳಿಯಿತು. ಶಾಂಘೈ ಡಿಸ್ನಿಯ ಲೀನಾಬೆಲ್ ಎಂಬ ಗುಲಾಬಿ ನರಿಯ ಕಥೆ ಇನ್ನೂ ಸೋಜಿಗದ್ದು. 2021ರಲ್ಲಿ ಅದನ್ನು ಜನರೆದುರು ತಂದಾಗ ಅದರ ಹಿಂದೆ ಸಿನಿಮಾ ಇರಲಿಲ್ಲ, ಕಾರ್ಟೂನ್ ಇರಲಿಲ್ಲ. ಬಾಲ್ಯದ ನೆನಪು ಅನ್ನೋಣ ಅಂದರೆ ಯಾರ ಬಾಲ್ಯದಲ್ಲೂ ಅದು ಇರಲಿಲ್ಲ. ಆದರೂ ಅದರ ಎದುರು ಒಂದು ನಿಮಿಷ ನಿಲ್ಲಲು ಕೆಲಸಕ್ಕೆ ಹೋಗುವ ಹುಡುಗಿಯರು ಗಂಟೆಗಟ್ಟಲೆ ಸಾಲು ನಿಂತರು.

ಅಮೆರಿಕದಲ್ಲಿ ಇಂಥವರಿಗೆ "ಡಿಸ್ನಿ ಅಡಲ್ಟ್" ಎಂಬ ಹೆಸರು ಬಿತ್ತು. ಹೆಸರಿಗಿಂತ ಅದು ಜಾಸ್ತಿ ಬೈಗುಳ. ಅಲ್ಲಿನ ಡಿಸ್ನಿ ಪಾರ್ಕುಗಳಿಗೆ ಮಾಮೂಲಿ ದಿನಗಳಲ್ಲಿ 14 ವರ್ಷ ತುಂಬಿದವರು ವೇಷ ಹಾಕಿಕೊಂಡು ಬರುವಂತಿಲ್ಲ. ಬಂದವರನ್ನೇ ಮಕ್ಕಳು ನಿಜವಾದ ಪಾತ್ರ ಅಂದುಕೊಂಡರೆ ಎಂತ ಮಾಡುವುದು? ಅದಕ್ಕೆ ದೊಡ್ಡವರು ದಾರಿ ಹುಡುಕಿಕೊಂಡರು. ಹಳದಿ ಶೂ, ಕೆಂಪು ಲಂಗ, ಕಪ್ಪು ಅಂಗಿ. ನೋಡಲು ಮಾಮೂಲಿ ಬಟ್ಟೆ, ಗೊತ್ತಿದ್ದವರಿಗೆ ಮಿಕ್ಕಿ. 2011ರ ಹೊತ್ತಿಗೆ ಶುರುವಾದ ಇದಕ್ಕೆ "ಡಿಸ್ನಿಬೌಂಡಿಂಗ್" ಎನ್ನುತ್ತಾರೆ.

2022ರಲ್ಲಿ ಒಬ್ಬ ಮದುಮಗಳು ಇಂಟರ್ನೆಟ್ಟಿನಲ್ಲಿ ಬರೆದುಕೊಂಡದ್ದು ಜಗತ್ತಿಡೀ ಹರಿದಾಡಿತ್ತು. ಮದುವೆಯ ಊಟಕ್ಕೆ ಇಟ್ಟ ಹಣವನ್ನು ಅವಳು ಮಿಕ್ಕಿ ಮತ್ತು ಮಿನ್ನಿಯನ್ನು ಅರ್ಧ ಗಂಟೆ ಕರೆಸಲು ಖರ್ಚು ಮಾಡಿದ್ದಳಂತೆ. ಬಂದವರಿಗೆ ಊಟ ಇಲ್ಲ! ನಮ್ಮ ಕಡೆ ಇದು ಸಾಧ್ಯವೇ? ನೀರುದೋಸೆ, ಕೋಳಿ ಸುಕ್ಕ ಕಾಣದೆ ಎದ್ದು ಹೋದ ನೆಂಟರು ಮೂರು ತಲೆಮಾರು ಹೇಳಿಕೊಂಡು ತಿರುಗುತ್ತಾರೆ. ಈ ಒಂದು ವಿಷಯದಲ್ಲಿ ನಾನು ಅವಳನ್ನು ಬೈದವರ ಪಕ್ಷ.

ಈಗ ದೊಡ್ಡಮ್ಮ ಹೇಳಿದ ಹುಲಿಗೆ ಬರುತ್ತೇನೆ.

ಉಡುಪಿಯಲ್ಲಿ ಅಷ್ಟಮಿ, ಮರುದಿನ ಮೊಸರುಕುಡಿಕೆಯ ವಿಟ್ಲಪಿಂಡಿ. ಮಂಗಳೂರಿನಲ್ಲಿ ನವರಾತ್ರಿ. ತಾಸೆ ಎಂಬ ವಾದ್ಯದ ಪೆಟ್ಟು ಕಿವಿಗೆ ಬಿದ್ದರೆ ಅಂಗಡಿಯವನು ಗಲ್ಲಾಪೆಟ್ಟಿಗೆ ಬಿಟ್ಟು ಬಾಗಿಲಿಗೆ ಬರುತ್ತಾನೆ. ಹುಲಿವೇಷ ಮೊದಲಿನಿಂದಲೂ ಹರಕೆ. ದೇವಿಯ ವಾಹನ ಹುಲಿ. ಮಗುವಿಗೆ ಹುಷಾರಾದರೆ, ಮನೆಯಲ್ಲಿ ಒಳ್ಳೆಯದಾದರೆ ಹುಲಿ ಹಾಕಿಸುತ್ತೇನೆ ಅಂತ ಹೇಳಿಕೊಳ್ಳುತ್ತಿದ್ದರು. ಹಿಂದಿನ ದಿನ ಧೂಪ ಹಾಕುವ ಊದು ಪೂಜೆ, ಆಮೇಲೆ ಬಣ್ಣ. ಗಂಟೆಗಟ್ಟಲೆ ಕೈ ಅಗಲಿಸಿ ನಿಲ್ಲಬೇಕು. ಬಣ್ಣ ಒಣಗುವವರೆಗೆ ಒರಗುವಂತಿಲ್ಲ, ಮಲಗುವಂತಿಲ್ಲ. ಮೂರು ದಿನ ಕುಣಿದ ಮೇಲೆ ಸೀಮೆಎಣ್ಣೆ ಹಾಕಿ ಉಜ್ಜಿದರೂ ಕಿವಿಯ ಹಿಂದೆ ಹಳದಿ ಒಂದು ವಾರ ಉಳಿಯುತ್ತದೆ. ಆಫೀಸಿನಲ್ಲಿ ಎದುರಿಗೆ ಕೂತವನ ಕಿವಿ ನೋಡಿ "ಓ, ಈ ಸಲ ನೀವೂ ಹಾಕಿದ್ರಾ?" ಅಂತ ಕೇಳಿದವನು ನಾನು.

ಪಾರ್ಕಿಗೂ ನಮಗೂ ಇರುವ ದೊಡ್ಡ ವ್ಯತ್ಯಾಸ ಆ ಕಿವಿಯಲ್ಲೇ ಇದೆ. ಅಲ್ಲಿ ಒಳಗಿರುವವರು ಯಾರು ಅಂತ ಕೇಳಬಾರದು. ಇಲ್ಲಿ ಅದೇ ಅರ್ಧ ಆಟ. ಹುಲಿ ತಂಡ ಅಂಗಳಕ್ಕೆ ಬಂದರೆ ಹೆಂಗಸರು ಕಾಲು ನೋಡಿ, ನಡಿಗೆ ನೋಡಿ, "ಅದು ಕೆಳಗಿನ ಮನೆಯ ಸಣ್ಣವ ಅಲ್ವಾ?" ಅಂತ ಪಿಸುಗುಡುತ್ತಾರೆ. ಗೊತ್ತಾದ ಮೇಲೆ ಖುಷಿ ಕಡಿಮೆ ಆಗುವುದಿಲ್ಲ, ಹೆಚ್ಚಾಗುತ್ತದೆ. ಅವನು ಎಂಬುದೂ ಗೊತ್ತು, ಈಗ ಅವನು ಹುಲಿ ಎಂಬುದೂ ಗೊತ್ತು. ಮಕ್ಕಳಿಗೆ ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಬರುವುದಿಲ್ಲ. ಅದಕ್ಕೇ ಅವರು ಅಮ್ಮನ ಸೆರಗಿನ ಹಿಂದೆ. ನೋಟನ್ನು ಮುಂದೆ ಚಾಚಿ ಹುಲಿ ಅದನ್ನು ಬಾಯಲ್ಲಿ ಕಚ್ಚಲಿ ಅಂತ ಕಾಯುವುದು ಅಮ್ಮ. ಅಬುಧಾಬಿಯಲ್ಲಿ ಮೊಮ್ಮಗ ಓಡಿದ್ದು, ಅಜ್ಜಿ ನಿಂತದ್ದು ಇದೇ ಲೆಕ್ಕದಲ್ಲಿ ಅಂತ ನನ್ನ ಅಂದಾಜು.

ಯಕ್ಷಗಾನದ ಮಹಿಷಾಸುರನನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ದೇವಿ ಮಹಾತ್ಮೆ ಆಟದಲ್ಲಿ ಅವನು ರಂಗದ ಹಿಂದಿನಿಂದ ಬರುವುದಿಲ್ಲ. ಪ್ರೇಕ್ಷಕರ ಹಿಂದಿನಿಂದ, ದೊಂದಿಯ ಬೆಳಕಿನಲ್ಲಿ, ರಾಳದ ಪುಡಿ ಭಗ್ಗನೆ ಹೊತ್ತಿಸುತ್ತಾ, ಜನರ ನಡುವೆಯೇ ಬರುತ್ತಾನೆ. ನಾನು ಸಣ್ಣವನಿದ್ದಾಗ ಚಾಪೆಯ ಮೇಲೆ ಮಲಗಿದ ನಮ್ಮನ್ನು ನಡುರಾತ್ರಿ ಕಳೆದ ಮೇಲೆ ಎಬ್ಬಿಸುತ್ತಿದ್ದರು. "ಏಳಾ, ಮೈಸಾಸುರ ಬಂದ!" ನಾವು ಎದ್ದು ಅಳುತ್ತಿದ್ದೆವು. ಎಬ್ಬಿಸಿದ ಮಾವಂದಿರು ಅವನು ಹಾದು ಹೋಗುವ ದಾರಿಯ ಪಕ್ಕದಲ್ಲೇ ಜಾಗ ಹಿಡಿದು ನಿಲ್ಲುತ್ತಿದ್ದರು. ಬೆಳಗಿನವರೆಗೆ ನಡೆಯದೆ ಬೇಗ ಮುಗಿಯುವ ಕಾಲಮಿತಿ ಆಟ ಬಂದ ಮೇಲೆ ಅವನು ಬೇಗ ಬರುತ್ತಾನೆ, ಬೊಬ್ಬೆ ಮಾತ್ರ ಅದೇ. ಈಗ ದಾರಿಯ ಎರಡೂ ಬದಿ ಮೊಬೈಲ್. ಆಟಕ್ಕೆ ಮೊದಲು ವೇಷ ಕಟ್ಟುವ ಚೌಕಿಗೆ ಹೋದರೆ ಬಣ್ಣದ ವೇಷದವರು ಕನ್ನಡಿ ಹಿಡಿದು ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚಿಟ್ಟೆ ಎಂಬ ಮುಳ್ಳಿನಂಥ ಬಿಳಿ ಚುಕ್ಕೆಗಳನ್ನು ಒಂದೊಂದೇ ಇಡುವುದು ಕಾಣುತ್ತದೆ. ಅದನ್ನು ಕಂಡು ಬಂದವನೇ ಆಮೇಲೆ ದೊಂದಿ ಬೆಳಕಿನಲ್ಲಿ ಹೆದರಿ ಹಿಂದೆ ಸರಿಯುತ್ತಾನೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ಊರವರು ಬಿಡಲಿಕ್ಕಿಲ್ಲ. ದೈವ ವೇಷವಲ್ಲ. ದೈವದ ಕೋಲದಲ್ಲಿ ಬೆನ್ನಿಗೆ ಅಣಿ ಎಂಬ ಪ್ರಭಾವಳಿ ಕಟ್ಟಿದವರ ಹತ್ತಿರ ಹೋಗಿ ಹೆಗಲಿಗೆ ಕೈ ಹಾಕುವವರಿಲ್ಲ, ಒಳಗೆ ಯಾರು ಅಂತ ಪಿಸುಗುಡುವವರೂ ಇಲ್ಲ. ಮನರಂಜನೆಗೆ ದೈವದ ಹಾಗೆ ಬಣ್ಣ ಹಚ್ಚಿ ಸ್ಟೇಜಿನಲ್ಲಿ ಕುಣಿದವರಿಗೆ ಇಲ್ಲಿ ಆಕ್ಷೇಪ ಬಂದದ್ದು ಅದಕ್ಕೇ. ಇನ್ನು ಎಲ್ಲ ವೇಷವೂ ಸಂತೋಷದ್ದಾಗಿರಲಿಲ್ಲ. ಅಷ್ಟಮಿಗೆ ಕೊರಗ ವೇಷ ಅಂತ ಹಾಕಿ ಒಂದು ಸಮುದಾಯವನ್ನೇ ನಗೆಗೆ ಇಡುತ್ತಿದ್ದರು. ಕೊರಗರು ಅದರ ವಿರುದ್ಧ ನಿಂತರು. ಅವರನ್ನು ಹೀನಾಯವಾಗಿ ನಡೆಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು 2000ದಲ್ಲಿ ಬಂತು.

ಉಡುಪಿಯ ಅಷ್ಟಮಿಯಲ್ಲಿ ಹೊರಗಿನ ವೇಷಕ್ಕೂ ಜಾಗ ಇದೆ. ಕಟಪಾಡಿಯ ರವಿ ಕಟಪಾಡಿ ಎಂಬ ಕೂಲಿ ಕಾರ್ಮಿಕರು ಹಾಲಿವುಡ್ ಸಿನಿಮಾಗಳ ವಿಚಿತ್ರ ಜೀವಿಗಳ ವೇಷ ಹಾಕಿ ಊರು ಸುತ್ತಿದರು, ಜನ ಕೊಟ್ಟ ಹಣವನ್ನು ಕಾಯಿಲೆ ಬಿದ್ದ ಮಕ್ಕಳ ಚಿಕಿತ್ಸೆಗೆ ಕೊಟ್ಟರು. ಆ ಸಿನಿಮಾಗಳನ್ನು ನೋಡದ ಮೀನು ಮಾರುವ ಹೆಂಗಸರೂ ಅವರ ಡಬ್ಬಿಗೆ ನೋಟು ಹಾಕಿ ಪಕ್ಕದಲ್ಲಿ ನಿಂತು ನಗುತ್ತಾರೆ.

ಇಲ್ಲಿ ವೇಷ ನಮ್ಮ ಬಾಗಿಲಿಗೆ ಬರುತ್ತದೆ, ಅಲ್ಲಿ ನಾವು ಟಿಕೆಟ್ ತೆಗೆದು ಸಾಲು ನಿಲ್ಲಬೇಕು. ಆದರೆ ಒಳಗಿನ ಸೆಕೆ ಎರಡೂ ಕಡೆ ಒಂದೇ. ಫ್ಲೋರಿಡಾದ ಡಿಸ್ನಿ ವರ್ಲ್ಡಿನಲ್ಲಿ ವೇಷದವರು ಬಹಳ ಕಾಲ ಒಳಉಡುಪನ್ನೂ ಹಂಚಿಕೊಂಡು ಹಾಕಬೇಕಿತ್ತು. ಇವತ್ತು ಒಬ್ಬ ಹಾಕಿದ್ದು ಒಗೆದು ನಾಳೆ ಇನ್ನೊಬ್ಬನಿಗೆ. ಸರಿಯಾಗಿ ಒಗೆಯುವುದಿಲ್ಲ, ತುರಿಕೆ, ಹೇನು ಹತ್ತುತ್ತದೆ ಎಂದು ದೂರಿದರು. 2001ರಲ್ಲಿ ಅವರ ಕಾರ್ಮಿಕ ಸಂಘ ಮಾತುಕತೆಯಲ್ಲಿ ಗೆದ್ದದ್ದು ಏನು ಗೊತ್ತೇ? ಒಬ್ಬೊಬ್ಬರಿಗೆ ಅವರದ್ದೇ ಚಡ್ಡಿ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ವೇಷದವರು, ಮೆರವಣಿಗೆಯ ಕಲಾವಿದರು ಸೇರಿ ಸುಮಾರು 1,700 ಮಂದಿಗೆ ಕಾರ್ಮಿಕ ಸಂಘ ಬೇಕೇ ಬೇಡವೇ ಎಂಬ ವೋಟು ನಡೆದದ್ದು 2024ರ ಮೇ ತಿಂಗಳಲ್ಲಿ. 953 ಜನ ಬೇಕು ಅಂದರು, 258 ಜನ ಬೇಡ ಅಂದರು.

ಕೊರೊನಾ ಬಂದಾಗ ಈ ಪಾರ್ಕುಗಳು ಮುಚ್ಚಿದವು. ತೆರೆದ ಮೇಲೂ ಮಿಕ್ಕಿ ದೂರ ನಿಂತು ಕೈ ಬೀಸುತ್ತಿದ್ದ. ಅಮೆರಿಕದ ಪಾರ್ಕುಗಳಲ್ಲಿ ಮತ್ತೆ ಅಪ್ಪಿಕೊಳ್ಳಲು ಬಿಟ್ಟದ್ದು 2022ರ ಏಪ್ರಿಲಿನಲ್ಲಿ. ಗಲ್ಫಿನ ನಮ್ಮವರಿಗೆ ಇನ್ನೊಂದು ಸುದ್ದಿ ಇದೆ. ಅದೇ ಯಾಸ್ ಐಲ್ಯಾಂಡಿನಲ್ಲಿ ಪಾರ್ಕ್ ಕಟ್ಟುವುದಾಗಿ ಡಿಸ್ನಿ 2025ರ ಮೇಯಲ್ಲಿ ಹೇಳಿದೆ. ದೊಡ್ಡಮ್ಮನಿಗೆ ಈ ವಿಷಯ ಯಾರೋ ಆಗಲೇ ಮುಟ್ಟಿಸಿದ್ದಾರೆ.

ಇಷ್ಟೆಲ್ಲ ಓದಿಕೊಂಡ ಮೇಲೆ ಒಂದು ಭಾನುವಾರ ಸಂಜೆ ಮಲ್ಪೆ ಬೀಚಿಗೆ ಹೋಗಿದ್ದೆ. ಚರ್ಮುರಿ ಗಾಡಿಯ ಪಕ್ಕ ಒಂದು ಕಂದು ಬಣ್ಣದ ಟೆಡ್ಡಿ ಕುಣಿಯುತ್ತಿತ್ತು. ರೋಮ ಉಪ್ಪುಗಾಳಿಗೆ ಅಂಟಿಕೊಂಡು ಗಂಟುಗಂಟಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಟೆಡ್ಡಿ ನಿಲ್ಲಿಸಿದ್ದ ವ್ಯಾನಿನ ಹಿಂದೆ ಹೋಗಿ ತಲೆ ತೆಗೆಯಿತು. ಒಳಗೆ ಇಪ್ಪತ್ತರ ಆಸುಪಾಸಿನ ಹುಡುಗ. ಬಾಟಲಿ ನೀರನ್ನು ತಲೆಗೇ ಸುರಿದುಕೊಂಡ. ಅವನ ಜೊತೆ ಫೋಟೋ ಬೇಕು ಅಂತ ಹಿಂದೆಯೇ ಬಂದಿದ್ದ ಇಬ್ಬರು ಹೆಂಗಸರು ಅಲ್ಲೇ ನಿಂತುಬಿಟ್ಟರು. ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡುವವರ ಹಾಗೆ ಕಂಡರು. ಇಬ್ಬರೂ ಏನೂ ಕಾಣದವರಂತೆ ಸಮುದ್ರದ ಕಡೆ ತಿರುಗಿ, ಸುಮ್ನೆ ಸೇಂಟ್ ಮೇರೀಸ್ ದ್ವೀಪದ ದಿಕ್ಕಿಗೆ ನೋಡುತ್ತಾ ನಿಂತರು. ಹುಡುಗ ಮುಖ ಒರೆಸಿಕೊಂಡ, ಎರಡು ಸಲ ಉಸಿರು ಬಿಟ್ಟ, ತಲೆ ಹಾಕಿಕೊಂಡ. ಆಗ ಇವರು ತಿರುಗಿದರು. "ಹಾಯ್ ಟೆಡ್ಡೀ!" ಅಂತ ಒಬ್ಬರು ಕೈ ಅಗಲಿಸಿಕೊಂಡು ಓಡಿದರು.