ಕಿರಣ ಬೇರೆ, ಕಿರಣ ಸೂಸುವ ವಸ್ತು ಬೇರೆ

ವಿಕಿರಣ ಚಿಕಿತ್ಸೆ ಶುರುವಾದ ಮೊದಲ ವಾರದಲ್ಲೇ ರೋಗಿಗಳ ಮನೆಯವರು ಈ ಪ್ರಶ್ನೆ ಕೇಳುತ್ತಾರೆ. "ಸರ್, ಅಮ್ಮಂಗೆ ಕರೆಂಟ್ ಕೊಡ್ತಿದೀರಲ್ಲ, ಮನೇಲಿ ಸಣ್ಣ ಮಗು ಇದೆ. ಅವರ ಹತ್ರ ಮಲಗಿಸಬಹುದಾ?" ಕೆಲವರು ಕೇಳುವುದೂ ಇಲ್ಲ. ತಾವೇ ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡಿಬಿಡುತ್ತಾರೆ. ಕಾಯಿಲೆಯಿಂದ ಮೊದಲೇ ಕುಗ್ಗಿದ ಹೆಂಗಸು ತನ್ನ ಮನೆಯಲ್ಲೇ ಮೊಮ್ಮಗುವನ್ನು ಎತ್ತಿಕೊಳ್ಳದೆ ದೂರ ಕೂರುತ್ತಾರೆ. ಆಸ್ಪತ್ರೆಯಲ್ಲಿ ಭೌತವಿಜ್ಞಾನಿಯಾಗಿ ಕೆಲಸ ಮಾಡುವ ನನಗೆ ಇದರಷ್ಟು ಸಂಕಟ ಕೊಡುವ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ.

ಧಾರಾಳವಾಗಿ ಮಲಗಿಸಿ. ಹೊರಗಿನಿಂದ ಚಿಕಿತ್ಸೆ ಕೊಡುವ ಲಿನ್ಯಾಕ್ ಯಂತ್ರದೊಳಗೆ ಕಿರಣ ಸೂಸುವ ವಸ್ತು ಇರುವುದಿಲ್ಲ. ಎಲೆಕ್ಟ್ರಾನುಗಳನ್ನು ವಿದ್ಯುತ್ತಿನ ಬಲದಿಂದ ಜೋರಾಗಿ ಓಡಿಸಿ ಟಂಗ್‌ಸ್ಟನ್‌ನಂಥ ಲೋಹದ ತುಂಡಿಗೆ ಬಡಿಸುತ್ತೇವೆ. ಆಗ ಎಕ್ಸ್ ಕಿರಣ ಹುಟ್ಟುತ್ತದೆ. ಯಂತ್ರ ನಿಲ್ಲಿಸಿದ ಕೂಡಲೇ ಕಿರಣವೂ ನಿಲ್ಲುತ್ತದೆ. ಬಲ್ಬ್ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದಾ? ಇದೂ ಹಾಗೇ. ಕಿರಣ ಜೀವಕೋಶಗಳಿಗೆ ಏಟು ಕೊಟ್ಟಿರುತ್ತದೆ, ಆ ಏಟಿನ ಪರಿಣಾಮ ವಾರಗಟ್ಟಲೆ ಇರುತ್ತದೆ, ಚರ್ಮ ಕಪ್ಪಾಗಬಹುದು, ಸುಸ್ತಾಗಬಹುದು. ಆದರೆ ರೋಗಿಯ ಮೈಯಿಂದ ಮಗುವಿಗೆ ಹೋಗುವಂಥದ್ದು ಏನೂ ಇಲ್ಲ. ಎದೆಯ ಎಕ್ಸ್‌ರೇ, ಸಿಟಿ ಸ್ಕ್ಯಾನ್ ಎಲ್ಲಕ್ಕೂ ಇದೇ ಮಾತು.

ಅದೇ ಆಸ್ಪತ್ರೆಯ ಇನ್ನೊಂದು ವಾರ್ಡಿಗೆ ಬನ್ನಿ. ಥೈರಾಯ್ಡ್ ಕ್ಯಾನ್ಸರ್‌ಗೆ ಅಯೋಡಿನ್-131 ಕುಡಿಸಿದ ರೋಗಿ ಅಲ್ಲಿರುತ್ತಾರೆ. ಇವರ ವಿಷಯದಲ್ಲಿ ನಾನೇ ಕಟ್ಟುನಿಟ್ಟು. ಏಕೆಂದರೆ ಕಿರಣ ಸೂಸುವ ವಸ್ತು ಅವರ ಹೊಟ್ಟೆಗೇ ಹೋಗಿದೆ. ಅದನ್ನು ಆರಿಸುವ ಸ್ವಿಚ್ ಯಾರ ಹತ್ತಿರವೂ ಇಲ್ಲ. ಪ್ರತಿ 8 ದಿನಕ್ಕೆ ಅರ್ಧ ಅರ್ಧ ಆಗುತ್ತಾ ಹೋಗುತ್ತದೆ, ಮೂತ್ರದಲ್ಲೂ ಹೊರಬೀಳುತ್ತದೆ. ಹಾಗಾಗಿ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಕೆಲವು ದಿನ ಬೇರೆ ಕೋಣೆ, ಬೇರೆ ಶೌಚಾಲಯ. ಆ ಶೌಚಾಲಯದ ನೀರು ನೇರ ಚರಂಡಿಗೆ ಹೋಗುವುದಿಲ್ಲ, ದೊಡ್ಡ ತೊಟ್ಟಿಯಲ್ಲಿ ನಿಲ್ಲುತ್ತದೆ. ಮೀಟರ್ ಹಿಡಿದು ಅಳೆದು, ಸಾಕಷ್ಟು ಇಳಿದಿದೆ ಅಂತ ಖಾತ್ರಿಯಾದ ಮೇಲೆ ಬಿಡುತ್ತೇವೆ. ಮನೆಗೆ ಹೋದ ಮೇಲೂ ಕೆಲವು ದಿನ ಮಕ್ಕಳು, ಗರ್ಭಿಣಿಯರಿಂದ ದೂರ ಇರಬೇಕು, ಫ್ಲಶ್ ಎರಡು ಸಲ ಮಾಡಬೇಕು ಅಂತ ಬರೆದುಕೊಡುತ್ತೇವೆ.

ವಿಪರ್ಯಾಸ ನೋಡಿ. ಲಿನ್ಯಾಕ್‌ನಲ್ಲಿ ಚಿಕಿತ್ಸೆ ಪಡೆದವರನ್ನು ಮನೆಯವರು ದೂರ ಇಡುತ್ತಾರೆ. ಅಯೋಡಿನ್ ಕುಡಿದವರಿಗೆ "ಬರೀ ಔಷಧಿ ಕುಡಿದಿದ್ದಲ್ವಾ" ಅಂತ ಮಗುವನ್ನು ತೊಡೆಯ ಮೇಲೆ ಕೂರಿಸಲು ನೋಡುತ್ತಾರೆ. ಎರಡೂ ಕಡೆ ಆಗಿರುವ ತಪ್ಪು ಒಂದೇ. ಕಿರಣವನ್ನೂ, ಅದನ್ನು ಸೂಸುವ ವಸ್ತುವನ್ನೂ ಒಂದೇ ಅಂದುಕೊಂಡಿದ್ದೇವೆ.

ಈ ವ್ಯತ್ಯಾಸ ಗೊತ್ತಿಲ್ಲದೆ ಜೀವವೇ ಹೋಗಿದೆ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಒಂದು ಹಳೇ ಯಂತ್ರ ಬಂತು. ದೆಹಲಿ ವಿಶ್ವವಿದ್ಯಾಲಯ ಹರಾಜಿನಲ್ಲಿ ಮಾರಿದ್ದು. ಒಳಗೆ ಕಿರಣ ಸೂಸುವ ಕೋಬಾಲ್ಟ್-60 ಇತ್ತು. ಸುತ್ತಲಿನ ಸೀಸದ ಕವಚ ಬಿಚ್ಚಿದ ಕೆಲಸಗಾರರಿಗೆ ಅದು ಬರೀ ಹೊಳೆಯುವ ಲೋಹ. ಕೈಯಲ್ಲಿ ಹಿಡಿದರು, ತುಂಡು ಮಾಡಿದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಕೋಬಾಲ್ಟ್-60ರ ಅರ್ಧಾಯು, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, 5 ವರ್ಷ ಚಿಲ್ಲರೆ. ಯಂತ್ರ ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತು ಅಂದರೆ ಅದು ಸತ್ತಿದೆ ಅಂತ ಅರ್ಥ ಅಲ್ಲ. ಗುಜರಿ ಅಂಗಡಿಯವರನ್ನು ನಾನು ದೂರುವುದಿಲ್ಲ. ಮಾರಿದವರು ಓದಿದವರು.

ಈಗ ಕೈಗಾ ಅಣು ವಿದ್ಯುತ್ ಸ್ಥಾವರಕ್ಕೆ ಬರೋಣ. ಕಾಳಿ ನದಿಯ ದಂಡೆಯಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ, 700 ಮೆಗಾವ್ಯಾಟ್‌ನ ಇನ್ನೆರಡು ಬರಲಿವೆ. ಅಣುಬಾಂಬಿನ ಹಾಗೆ ಸಿಡಿಯುತ್ತಾ ಅಂತ ಕೇಳುವವರಿದ್ದಾರೆ. ಸಿಡಿಯುವುದಿಲ್ಲ. ಅಲ್ಲಿ ಉರಿಸುವುದು ನೈಸರ್ಗಿಕ ಯುರೇನಿಯಂ, ಅದರಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ಶೇ. 0.7 ಮಾತ್ರ. ಬಾಂಬಿಗೆ ಬೇಕಾದದ್ದು ಶೇ. 90ರ ಆಸುಪಾಸು.

ಹಾಗಂತ ಚಿಂತೆಯೇ ಬೇಡ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಲಿನ್ಯಾಕ್ ಆರಿಸಿದ ಹಾಗೆ ರಿಯಾಕ್ಟರ್ ಆರಿಸಲು ಬರುವುದಿಲ್ಲ. ನಿಯಂತ್ರಣ ದಂಡಗಳನ್ನು ಇಳಿಸಿದರೆ ಯುರೇನಿಯಂ ಒಡೆಯುವ ಸರಣಿ ಕೆಲವೇ ಸೆಕೆಂಡಿನಲ್ಲಿ ನಿಲ್ಲುತ್ತದೆ, ನಿಜ. ಆದರೆ ಆಗಲೇ ಒಡೆದ ಚೂರುಗಳೆಲ್ಲ ವಿಕಿರಣಶೀಲ ವಸ್ತುಗಳು. ಅವು ಕಿರಣ ಸೂಸುತ್ತಲೇ ಇರುತ್ತವೆ, ಶಾಖ ಬಿಡುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣದಲ್ಲಿ ಆ ಶಾಖ ಪೂರ್ಣ ಶಾಖದ ಶೇ. 6ರಿಂದ 7ರಷ್ಟು. 220 ಮೆಗಾವ್ಯಾಟ್ ವಿದ್ಯುತ್ ಕೊಡುವ ಘಟಕ ಹುಟ್ಟಿಸುವ ಶಾಖ 700 ಮೆಗಾವ್ಯಾಟ್‌ಗೂ ಜಾಸ್ತಿ. ಅಂದರೆ "ನಿಂತ" ರಿಯಾಕ್ಟರಿನಲ್ಲೂ ಆ ಹೊತ್ತಿಗೆ ಸುಮಾರು 50 ಮೆಗಾವ್ಯಾಟ್ ಶಾಖ. ಗಂಟೆಗಳು ಕಳೆದಂತೆ ಅದು ಇಳಿಯುತ್ತದೆ, ಆದರೆ ತಂಪು ಮಾಡುವ ನೀರು ಬಹಳ ಕಾಲ ಹರಿಯುತ್ತಲೇ ಇರಬೇಕು. 2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ಭೂಕಂಪವಾದಾಗ ಓಡುತ್ತಿದ್ದ ರಿಯಾಕ್ಟರುಗಳು ತಾವಾಗಿ ನಿಂತವು. ಆಮೇಲೆ ಬಂದ ಸುನಾಮಿ ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು, ಪಂಪುಗಳಿಗೆ ಕರೆಂಟ್ ಇಲ್ಲವಾಯಿತು, ಇಂಧನ ಕರಗಿತು. ಟಿವಿಯಲ್ಲಿ ನಾವು ನೋಡಿದ ಸ್ಫೋಟ ಹೈಡ್ರೋಜನ್ ಅನಿಲದ್ದು. ಸ್ಥಾವರದ ಬಗ್ಗೆ ಕೇಳಬೇಕಾದ ಪ್ರಶ್ನೆ "ಬಾಂಬ್ ಆಗುತ್ತಾ" ಎಂಬುದಕ್ಕಿಂತ "ಎಲ್ಲ ಕರೆಂಟ್ ಹೋದರೆ ತಂಪು ಮಾಡುವುದು ಹೇಗೆ" ಎಂಬುದು. ಇದನ್ನು ಕಾರವಾರದ ಪಿಯುಸಿ ಹುಡುಗಿಯೊಬ್ಬಳು ಅಧಿಕಾರಿಗಳಿಗೆ ಕೇಳುವಂತಾಗಬೇಕು ಅನ್ನುವುದು ನನ್ನ ಆಸೆ.

ಕೈಗಾದಲ್ಲೇ 2009ರ ನವೆಂಬರಿನಲ್ಲಿ 50ಕ್ಕೂ ಹೆಚ್ಚು ಕೆಲಸಗಾರರ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಜಾಸ್ತಿ ಕಂಡಿತು. ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಇದ್ದ ಭಾರಜಲ ಸೇರಿತ್ತು. ಭಾರಜಲ ಅಂದರೆ ಇಂಥ ರಿಯಾಕ್ಟರಿನಲ್ಲಿ ಬಳಸುವ, ಭಾರವಾದ ಹೈಡ್ರೋಜನ್ ಇರುವ ನೀರು; ಅದು ನ್ಯೂಟ್ರಾನ್ ಹೀರಿದಾಗ ಟ್ರಿಟಿಯಂ ಆಗುತ್ತದೆ. ಟ್ರಿಟಿಯಂನ ಕಿರಣ ಎಷ್ಟು ಬಡಕಲು ಅಂದರೆ ಚರ್ಮವನ್ನೇ ದಾಟುವುದಿಲ್ಲ. ಹೊರಗಿದ್ದರೆ ಏನೂ ಮಾಡದು. ಒಳಗೆ ಹೋದರೆ ನೀರಿನ ಜೊತೆ ಮೈಯೆಲ್ಲ ಹರಡುತ್ತದೆ. ಟ್ರಿಟಿಯಂನ ಅರ್ಧಾಯು 12 ವರ್ಷ ದಾಟುತ್ತದೆ, ಆದರೆ ಮೈಯಲ್ಲಿ ಸೇರಿದ್ದು ಸುಮಾರು 10 ದಿನಕ್ಕೆ ಅರ್ಧವಾಗುತ್ತದೆ. ಚೆನ್ನಾಗಿ ನೀರು ಕುಡಿದರೆ ಇನ್ನೂ ಬೇಗ. ಇಲ್ಲೂ ಮೊದಲು ತಿಳಿಯಬೇಕಾದದ್ದು ಅದೇ: ವಸ್ತು ಎಲ್ಲಿದೆ, ಎಷ್ಟಿದೆ?

ಇದನ್ನೆಲ್ಲ ಕಲಿಸಬೇಕಾದ ಜಾಗ ದ್ವಿತೀಯ ಪಿಯುಸಿ. ನಮ್ಮಲ್ಲಿ ಓದುವುದು ಎನ್‌ಸಿಇಆರ್‌ಟಿಯ ಭೌತಶಾಸ್ತ್ರ. 2022ರಲ್ಲಿ ಪಠ್ಯದ ಹೊರೆ ಇಳಿಸುತ್ತೇವೆ ಅಂತ ಪರಮಾಣು ಬೀಜದ ಅಧ್ಯಾಯದಿಂದ ವಿಕಿರಣಶೀಲ ಕ್ಷಯದ ನಿಯಮ, ಅರ್ಧಾಯು, ಆಲ್ಫಾ, ಬೀಟಾ, ಗಾಮಾ ಕ್ಷಯದ ಭಾಗಗಳನ್ನು ತೆಗೆದುಹಾಕಿದರು. ನನಗೆ ಇದು ದೊಡ್ಡ ನಷ್ಟ ಅನ್ನಿಸುತ್ತದೆ. ಮೊದಲೂ ಪಾಠ ಚೆನ್ನಾಗಿತ್ತು ಅಂತಲ್ಲ. ಸೂತ್ರಕ್ಕೆ ಅಂಕಿ ಹಾಕಿ ಲೆಕ್ಕ ಬಿಡಿಸಿದ ಮಕ್ಕಳಿಗೂ ಎಕ್ಸ್‌ರೇ ತೆಗೆಸಿಕೊಂಡವರ ಮೈಯಲ್ಲಿ ಕಿರಣ ಉಳಿಯುತ್ತದಾ ಅಂದರೆ ಉತ್ತರ ಬರುತ್ತಿರಲಿಲ್ಲ. ಆದರೂ ಒಳ್ಳೆಯ ಮೇಷ್ಟ್ರಿಗೆ ಮಾತು ಬೆಳೆಸಲು ಪುಟಗಳಾದರೂ ಇದ್ದವು.

ಪುಟ ಇಲ್ಲದಿದ್ದರೂ ಕಲಿಸಬಹುದು. ರೈತರ ಮನೆಯ ಪೊಟ್ಯಾಷ್ ಗೊಬ್ಬರ ಸಾಕು. ಪೊಟ್ಯಾಷಿಯಂನಲ್ಲಿ ಸ್ವಲ್ಪ ಭಾಗ ಸಹಜವಾಗಿಯೇ ವಿಕಿರಣಶೀಲ. 50 ಕಿಲೋ ಚೀಲದಲ್ಲಿ ಸೆಕೆಂಡಿಗೆ ಏಳು ಲಕ್ಷಕ್ಕೂ ಹೆಚ್ಚು ಪರಮಾಣುಗಳು ಕ್ಷಯಿಸುತ್ತವೆ. ನಮ್ಮ ಮೈಯಲ್ಲಿರುವ ಪೊಟ್ಯಾಷಿಯಂನಿಂದಲೇ ಸೆಕೆಂಡಿಗೆ ನಾಲ್ಕು ಸಾವಿರದಷ್ಟು. ಇದರಿಂದ ಯಾರಿಗೂ ತೊಂದರೆ ಆಗಿಲ್ಲ. ನೆಲ, ಗಾಳಿ, ಆಕಾಶ, ಊಟ ಎಲ್ಲ ಸೇರಿ ಜಗತ್ತಿನಲ್ಲಿ ಸರಾಸರಿ ಒಬ್ಬರಿಗೆ ವರ್ಷಕ್ಕೆ 2.4 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಸಿಗುತ್ತದೆ. ಒಂದು ಎದೆಯ ಎಕ್ಸ್‌ರೇಯಿಂದ ಸಿಗುವುದು ಸಾಮಾನ್ಯವಾಗಿ 0.1 ಅಥವಾ ಅದಕ್ಕಿಂತ ಕಡಿಮೆ.

ಕಿರಣ ಎಣಿಸುವ ಒಂದು ಗೈಗರ್ ಕೌಂಟರ್ ಇದ್ದರೆ ಗೊಬ್ಬರವನ್ನು ತಟ್ಟೆಯಲ್ಲಿ ಹರಡಿ, ಮೇಲೆ ಹಿಡಿದು ಐದು ನಿಮಿಷ ಮಕ್ಕಳಿಂದಲೇ ಎಣಿಸಿ. ಮೊದಲು ಖಾಲಿ ಮೇಜಿನ ಮೇಲೆ ಎಣಿಸಿದ್ದಕ್ಕಿಂತ ಜಾಸ್ತಿ ಬರುತ್ತದೆ. ಕೌಂಟರನ್ನು ಮೇಲಕ್ಕೆತ್ತಿದಂತೆ ಇಳಿಯುತ್ತದೆ. ಆಮೇಲೆ ತಟ್ಟೆಯನ್ನು ಹೊರಗಿಟ್ಟು ಅದೇ ಮೇಜನ್ನು ಮತ್ತೆ ಅಳೆಯಿರಿ. ಎಣಿಕೆ ಮೊದಲಿನಷ್ಟೇ ಇರುತ್ತದೆ. ಕೊನೆಗೆ ಒಂದು ಚಿಟಿಕೆ ಗೊಬ್ಬರ ಮೇಜಿನ ಮೇಲೆ ಚೆಲ್ಲಿ, ಈಗ ಏನು ಮಾಡಬೇಕು ಅಂತ ಮಕ್ಕಳನ್ನೇ ಕೇಳಿ. ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಕೈ ತೊಳೆಯಬೇಕು ಅಂತ ಅವರೇ ಹೇಳುತ್ತಾರೆ.