ಕ್ರಾನ್ ಕೈಯಲ್ಲಿ ಸರ್ವರ್ ಎಬ್ಬಿಸುವುದು: ನನ್ನ ಟಿಪ್ಪಣಿ

ಪುಣೆಯ ಕರ್ವೆನಗರದಲ್ಲಿ ನಾವು ಊಟ ಮಾಡುವ ಖಾನಾವಳಿಗೆ ಒಂದು ಪುಟ್ಟ ಸರ್ವರ್ ಬರೆದುಕೊಟ್ಟಿದ್ದೆ. ರಾತ್ರಿ ಎಷ್ಟು ರೊಟ್ಟಿ ಬೇಕು ಅಂತ ಹುಡುಗರು ಮೊಬೈಲಲ್ಲಿ ಒತ್ತಿದರೆ, ಅಡುಗೆಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಪಟ್ಟಿ ಬರುತ್ತಿತ್ತು. ವಾರಕ್ಕೊಮ್ಮೆ ಸರ್ವರ್ ಸತ್ತೇ ಹೋಗುತ್ತಿತ್ತು. ಸಂಜೆ ಏಳಕ್ಕೆ ಖಾನಾವಳಿಯ ಕಾಕು ಫೋನು: "ತಮ್ಮಾ, ನಿನ್ನ ಪಟ್ಟಿ ಬರವಲ್ದು. ಹಿಟ್ಟು ಎಷ್ಟು ನಾದ್ಲಿ?"

ಆಗ ಕಲಿತದ್ದು ಕ್ರಾನ್, ಲಿನಕ್ಸ್‌ನಲ್ಲಿ ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಪ್ರೋಗ್ರಾಂ. ಇದು ನಿಮಿಷಕ್ಕೊಮ್ಮೆ ಎದ್ದು, ಈಗ ಮಾಡುವ ಕೆಲಸ ಏನಾದರೂ ಇದೆಯಾ ಅಂತ ನೋಡುತ್ತದೆ. ಒಂದೊಂದು ಕೆಲಸಕ್ಕೂ ಒಂದು ಸಾಲು ಬರೆಯಬೇಕು. ಸಾಲಿನ ಮೊದಲ ಐದು ಜಾಗ ನಿಮಿಷ, ಗಂಟೆ, ತಾರೀಕು, ತಿಂಗಳು, ವಾರದ ದಿನ. */5 * * * * ಅಂದರೆ ಐದು ನಿಮಿಷಕ್ಕೊಮ್ಮೆ. ಒಂದು ಮಾತು ನೆನಪಿರಲಿ: ಸರ್ವರ್ ಬದುಕಿದೆಯಾ ಅನ್ನುವುದು ಕ್ರಾನ್‌ಗೆ ಗೊತ್ತಿಲ್ಲ. ಅದನ್ನು ವಿಚಾರಿಸುವುದು ನಾವು ಬರೆದ ಸ್ಕ್ರಿಪ್ಟಿನ ಕೆಲಸ.

ನಾನು ಎಡವಿದ್ದು ಇಲ್ಲೇ. ಪ್ರೋಸೆಸ್‌ಗಳಲ್ಲಿ, ಅಂದರೆ ಈಗ ಓಡುತ್ತಿರುವ ಪ್ರೋಗ್ರಾಂಗಳಲ್ಲಿ, 'ಖಾನಾವಳಿ' ಅನ್ನುವ ಹೆಸರು ಇದೆಯಾ ಹುಡುಕು, ಇಲ್ಲದಿದ್ದರೆ ಸರ್ವರ್ ಶುರು ಮಾಡು ಅಂತ ಬರೆದೆ. ಆದರೆ ಸ್ಕ್ರಿಪ್ಟ್ ಫೈಲಿನ ಹೆಸರು 'ಖಾನಾವಳಿ-ತಪಾಸಣೆ'! ಪ್ರೋಸೆಸ್ ಹುಡುಕುವ ಪಿಗ್ರೆಪ್ ಕಮಾಂಡಿಗೆ ಪೂರ್ತಿ ಕಮಾಂಡ್ ಸಾಲಿನಲ್ಲಿ ಹುಡುಕಲು ಹೇಳಿದ್ದೆ. ಅದಕ್ಕೆ ಸಿಕ್ಕಿದ್ದು ಆ ಸ್ಕ್ರಿಪ್ಟೇ. ತನ್ನ ಹೆಸರು ತಾನೇ ಕೂಗಿ, ತಾನೇ ಹಾಜರ್ ಅಂದ ಹಾಗೆ. ಎರಡು ದಿನ ಸರ್ವರ್ ಸತ್ತಿತ್ತು, ಸ್ಕ್ರಿಪ್ಟ್ ಆರಾಮಾಗಿತ್ತು.

ಪ್ರೋಸೆಸ್ ನಂಬರನ್ನು ಫೈಲಿನಲ್ಲಿ ಬರೆದಿಟ್ಟು ನೋಡುವ ದಾರಿಯೂ ಇದೆ. ಆದರೆ ಕರೆಂಟ್ ಹೋಗಿ ಬಂದ ಮೇಲೆ ಅದೇ ನಂಬರು ಬೇರೆ ಯಾವುದಕ್ಕೋ ಸಿಕ್ಕಿರಬಹುದು. ನನಗೆ ಹಿಡಿಸಿದ್ದು ಫ್ಲಾಕ್, ಫೈಲಿಗೆ ಬೀಗ ಹಾಕುವ ಕಮಾಂಡ್. ಸರ್ವರನ್ನು ಒಂದು ಬೀಗದ ಫೈಲಿನ ಮೂಲಕ ಶುರು ಮಾಡಬೇಕು. ಬೀಗ ಆಗಲೇ ಬಿದ್ದಿದ್ದರೆ ಕಾಯದೆ ವಾಪಸ್ ಬಾ ಅನ್ನಲು ಎನ್ (-n) ಆಯ್ಕೆ ಕೊಡಬೇಕು. ಪ್ರೋಸೆಸ್ ಹೇಗೇ ಸತ್ತರೂ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ತಾನೇ ಬೀಗ ಬಿಡಿಸುತ್ತದೆ. ಹಾಗಾಗಿ 'ಇದೆಯಾ, ಇಲ್ವಾ' ಅಂತ ಕೇಳುವುದೇ ಬೇಡ. ಐದು ನಿಮಿಷಕ್ಕೊಮ್ಮೆ ಸುಮ್ನೆ ಶುರು ಮಾಡಲು ನೋಡಿದರೆ ಸಾಕು, ಎರಡನೆಯದು ಒಳಗೆ ಬರುವುದಿಲ್ಲ. ಆದರೆ ಸರ್ವರ್ ಸತ್ತರೂ ಅದು ಹುಟ್ಟಿಸಿದ ಮರಿ ಪ್ರೋಸೆಸ್ ಬದುಕಿದ್ದರೆ, ಬೀಗ ಅದರ ಕೈಯಲ್ಲಿ ಉಳಿಯಬಹುದು.

ಕೈಯಾರೆ ಓಡಿಸಿದರೆ ಓಡುತ್ತದೆ, ಕ್ರಾನ್‌ನಲ್ಲಿ ಓಡಲ್ಲ, ಈ ದೂರು ಎಲ್ಲರದೂ ಅಲ್ವಾ? ಕ್ರಾನ್ ನಿಮ್ಮ ಬ್ಯಾಶ್ (ಟರ್ಮಿನಲ್) ಸೆಟ್ಟಿಂಗ್ ಓದುವುದಿಲ್ಲ. ಅದರ ಪಾತ್, ಅಂದರೆ ಕಮಾಂಡ್ ಹುಡುಕುವ ಜಾಗಗಳ ಪಟ್ಟಿ, ತುಂಬ ಚಿಕ್ಕದು. ಪೈಥಾನ್ ಎಲ್ಲಿದೆ ಅಂತ ಪೂರ್ತಿ ವಿಳಾಸ ಬರೆಯಿರಿ. ಸಾಲಿನ ಕೊನೆಗೆ >> ಬರೆದು ಲಾಗ್ ಫೈಲಿನ ಹೆಸರು ಹಾಕಿ 2>&1 ಸೇರಿಸಿದರೆ ಎರರ್ ಕೂಡ ಅಲ್ಲಿಗೇ ಬೀಳುತ್ತದೆ. ಇನ್ನೊಂದು, ಕ್ರಾನ್ ಸಾಲಿನಲ್ಲಿ % ಬಂದರೆ ಅದು ಹೊಸ ಸಾಲು ಅಂತ ಆಗಿಬಿಡುತ್ತದೆ. ಅದಕ್ಕಿಂತ ಮೊದಲು \ ಹಾಕಿ, \% ಅಂತ. ಇದಕ್ಕೇ ನನ್ನ ಒಂದು ಭಾನುವಾರ ಹೋಯಿತು.

ರೂಟ್ ಅಧಿಕಾರ (ಯಂತ್ರದ ಪೂರ್ತಿ ಹಿಡಿತ) ಇದ್ದರೆ ಸಿಸ್ಟಮ್‌ಡಿ ಬಳಸಿ. ಸತ್ತ ಸರ್ವರನ್ನು ಅದೇ ಎಬ್ಬಿಸುತ್ತದೆ, ಐದು ನಿಮಿಷ ಕಾಯುವ ಕೆಲಸ ಇರಲ್ಲ. ಹಲವರು ಹಂಚಿಕೊಳ್ಳುವ ಬಾಡಿಗೆ ಸರ್ವರಿನಲ್ಲಿ ಸಾಮಾನ್ಯವಾಗಿ ಕ್ರಾನೇ ಗತಿ.

ಅಂದಹಾಗೆ, ಸರ್ವರ್ ಸಾಯುತ್ತಿದ್ದದ್ದು ಯಾಕೆ? ಕರ್ನಲ್ ಲಾಗ್ ತೆಗೆದು ನೋಡಿದೆ: ಮೆಮೊರಿ ಮುಗಿದು ಕರ್ನಲ್ಲೇ ಅದನ್ನು ಕೊಂದಿತ್ತು. ಪ್ರತಿ ಆರ್ಡರಿಗೂ ಪಟ್ಟಿಯ ಹೊಸ ಚಿತ್ರ ಮಾಡುತ್ತಿದ್ದೆ, ಹಳೆಯದನ್ನು ಬಿಡುತ್ತಲೇ ಇರಲಿಲ್ಲ.