ಕೌದಿಯೊಳಗಿನ ಗಾಳಿ

ಡಿಸೆಂಬರ್ ಬಂತೆಂದರೆ ನಮ್ಮ ಮನೆಯ ಅಟ್ಟದಿಂದ ಒಂದು ಗಂಟು ಕೆಳಗಿಳಿಯುತ್ತದೆ. ಮೊಣಕಾಲಿನಲ್ಲಿ ಸವೆದ ಪೈಜಾಮ, ಕಾಲರ್ ಹರಿದ ಅಂಗಿ, ಸೆರಗು ಗಟ್ಟಿಯಿದ್ದರೂ ಒಡಲೆಲ್ಲ ಜಾಳಾಗಿಹೋದ ಇಳಕಲ್ ಸೀರೆ, ಮಗುವಿಗೆ ಚಿಕ್ಕದಾದ ಲಂಗ, ಅಪ್ಪನ ಹಳೆಯ ಧೋತರ. ‘ಇರಲಿ, ಕೌದಿಗಾಗುತ್ತದೆ’ ಎಂದು ವರ್ಷವಿಡೀ ಎತ್ತಿಟ್ಟ ಬಟ್ಟೆಗಳು ಇವು. ಮಧ್ಯಾಹ್ನದ ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಬಿಸಿಲು ಬೀಳುವ ಕಡೆ ಹಳೆಯ ಸೀರೆಯೊಂದನ್ನು ಹಾಸಿ, ಅವ್ವ ಒಂದು ತುದಿಗೆ, ನಾನು ಇನ್ನೊಂದು ತುದಿಗೆ ಕೂರುತ್ತೇವೆ. ಕೌದಿಯ ಮುಖ್ಯ ಅನುಕೂಲವೇನೆಂದರೆ ಅದು ಪೂರ್ತಿಯಾಗುವ ಮೊದಲೇ ಬಳಕೆಗೆ ಬರುತ್ತದೆ. ಹೊಲಿಯುವವರ ತೊಡೆಯ ಮೇಲೆ ಹರಡಿದಾಗಲೇ ಬೆಚ್ಚಗಾಗತೊಡಗುತ್ತದೆ.

ಬಾಗಲಕೋಟೆ, ವಿಜಯಪುರದ ಕಡೆಯ ಚಳಿ ಹಗಲಿನಲ್ಲಿ ಕಾಣಿಸುವುದಿಲ್ಲ. ಮಧ್ಯಾಹ್ನ 30 ಡಿಗ್ರಿಯ ಹತ್ತಿರವಿದ್ದ ಉಷ್ಣತೆ ಬೆಳಗಿನ ಜಾವಕ್ಕೆ 15ರ ಕೆಳಗೆ ಇಳಿಯುವುದು ಅಲ್ಲಿ ಅಪರೂಪವಲ್ಲ. ಮೋಡವಿಲ್ಲದ ಆಕಾಶ ಮತ್ತು ಒಣ ಹವೆ ಇದಕ್ಕೆ ಕಾರಣ. ನೆಲ ಹಗಲೆಲ್ಲ ಕುಡಿದ ಶಾಖವನ್ನು ರಾತ್ರಿ ಅವಕೆಂಪು ಕಿರಣಗಳಾಗಿ ಹೊರಚೆಲ್ಲುತ್ತದೆ. ಅದನ್ನು ತಡೆದು ಕೆಳಗೆ ಕಳಿಸಲು ಮೇಲೆ ಮೋಡವೂ ಇಲ್ಲ, ಸಾಕಷ್ಟು ನೀರಾವಿಯೂ ಇಲ್ಲ. ಹೀಗಾಗಿ ಹಗಲಿಗೆ ಬೇಡವಾದ ಹೊದಿಕೆ ನಸುಕಿನ ನಾಲ್ಕು ಗಂಟೆಗೆ ಬೇಕೇಬೇಕಾಗುತ್ತದೆ.

ಹೊದಿಕೆಯನ್ನು ನಾವು ‘ಬೆಚ್ಚಗಿದೆ’ ಎನ್ನುವುದು ಒಂದು ಬಗೆಯ ಸುಳ್ಳು. ಮಡಿಸಿಟ್ಟ ಕೌದಿಯೊಳಗೆ ಉಷ್ಣಮಾಪಕ ಇಟ್ಟು ನೋಡಿದರೆ ಅದು ಕೋಣೆಯ ಉಷ್ಣತೆಯನ್ನೇ ತೋರಿಸುತ್ತದೆ. ಒಲೆ ಇರುವುದು ನಮ್ಮ ಮೈಯಲ್ಲಿ. ನಿದ್ದೆಯಲ್ಲಿರುವ ವಯಸ್ಕನ ದೇಹ ಸುಮಾರು 70 ವಾಟ್‌ನಷ್ಟು ಶಾಖವನ್ನು ಹೊರಬಿಡುತ್ತಿರುತ್ತದೆ, ಹಳೆಯ ಕಾಲದ 60 ವಾಟ್‌ನ ಬಲ್ಬಿಗಿಂತ ತುಸು ಹೆಚ್ಚು. ಕೌದಿ ಆ ಶಾಖ ಹೊರಹೋಗುವ ದಾರಿಯನ್ನು ದುರ್ಗಮ ಮಾಡುತ್ತದೆ, ಅಷ್ಟೇ. ಅದೇ ಕೌದಿಯನ್ನು ಮಂಜುಗಡ್ಡೆಗೆ ಸುತ್ತಿದರೆ ಮಂಜುಗಡ್ಡೆ ಬೇಗ ಕರಗುವುದಿಲ್ಲ. ಗೋಣಿಚೀಲದಲ್ಲಿ ಸುತ್ತಿ ಮಂಜುಗಡ್ಡೆ ಒಯ್ಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ದಾರಿ ಕಟ್ಟುವುದು ಬಟ್ಟೆಯೇ? ಪೂರ್ತಿ ಅಲ್ಲ. 1792ರಲ್ಲಿ ಬೆಂಜಮಿನ್ ಥಾಂಪ್ಸನ್ ಎಂಬಾತ ಇದನ್ನು ಅಳೆದು ತೋರಿಸಿದ. ಮುಂದೆ ಕೌಂಟ್ ರಮ್‌ಫೋರ್ಡ್ ಎಂದು ಹೆಸರಾದವನು ಈತನೇ. ಉಷ್ಣಮಾಪಕದ ಸುತ್ತ ಉಣ್ಣೆ, ಹತ್ತಿ, ರೇಷ್ಮೆ, ಹಕ್ಕಿಯ ಪುಕ್ಕ ತುಂಬಿ, ಕುದಿಯುವ ನೀರಿನಲ್ಲಿ ಕಾಯಿಸಿ, ಮಂಜುಗಡ್ಡೆಯ ನೀರಿಗೆ ಇಳಿಸಿ, ತಣಿಯಲು ಎಷ್ಟು ಸೆಕೆಂಡು ಬೇಕೆಂದು ಎಣಿಸಿದ. ಅವನ ಪ್ರಯೋಗಗಳಲ್ಲಿ ನನಗೆ ಬಹಳ ಹಿಡಿಸಿದ್ದು ರೇಷ್ಮೆಯದು. ತೂಕ ಅಷ್ಟೇ, ವಸ್ತುವೂ ಅದೇ. ಬಿಡಿಬಿಡಿಯಾಗಿ ತುಂಬಿದ ಕಚ್ಚಾ ರೇಷ್ಮೆ ಶಾಖವನ್ನು ಹೆಚ್ಚು ಹೊತ್ತು ಹಿಡಿಯಿತು, ಹುರಿಗೊಳಿಸಿದ ದಾರವಾದಾಗ ಬೇಗ ಬಿಟ್ಟುಕೊಟ್ಟಿತು. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕೆ?

ಲೆಕ್ಕ ಹಾಕಿಯೇ ನೋಡೋಣ. ನಮ್ಮ ಕೌದಿಯಲ್ಲಿ ಐದಾರು ಪದರ ಹಳೆಯ ಬಟ್ಟೆ ಇರುತ್ತದೆ, ಎಲ್ಲ ಸೇರಿ ಎರಡು ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಪದರಗಳ ನಡುವಿನ ಗಾಳಿಯೂ ಎರಡು ಮಿಲಿಮೀಟರ್ ಇರಲಿ. ಅಲುಗಾಡದ ಗಾಳಿಯ ಉಷ್ಣವಾಹಕತೆ, ಅಂದರೆ ಶಾಖವನ್ನು ದಾಟಿಸುವ ಗುಣ, ಒಂದು ಚದರ ಮೀಟರ್ ಹರವಿನ, ಒಂದು ಮೀಟರ್ ದಪ್ಪಕ್ಕೆ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 0.025 ವಾಟ್. ಹತ್ತಿಯ ಬಟ್ಟೆಯದು ಅದರ ಎರಡು ಪಟ್ಟಿಗಿಂತ ಹೆಚ್ಚು. ಅಂದ ಮೇಲೆ ಚಳಿಯನ್ನು ತಡೆಯುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಗಾಳಿಯದು. ಬಟ್ಟೆಯೊಳಗಿನ ನೂಲುಗಳ ನಡುವೆ ಅಡಗಿದ ಗಾಳಿಯನ್ನು ಬಟ್ಟೆಯ ಲೆಕ್ಕಕ್ಕೇ ಹಾಕಿದ್ದೇನೆ, ಅದನ್ನೂ ಬೇರ್ಪಡಿಸಿದರೆ ಬಟ್ಟೆಯ ಪಾಲು ಇನ್ನೂ ಕಡಿಮೆಯಾಗುತ್ತದೆ.

ಆದರೆ ಗಾಳಿ ಸುಮ್ಮನೆ ಕೂರುವ ಜೀವವಲ್ಲ. ಬಿಸಿಯಾದರೆ ಮೇಲೇರುತ್ತದೆ, ತಣ್ಣಗಾದರೆ ಇಳಿಯುತ್ತದೆ, ಹಾಗೆ ಸುತ್ತುತ್ತಾ ಶಾಖವನ್ನು ಹೊತ್ತೊಯ್ಯುತ್ತದೆ. ಅದನ್ನು ಕಟ್ಟಿಹಾಕುವುದು ಇಕ್ಕಟ್ಟಾದ ಜಾಗ. ಸಂದು ಕೆಲವೇ ಮಿಲಿಮೀಟರ್ ಇದ್ದಾಗ ಗಾಳಿಯ ಜಿಗುಟುತನವೇ ಅದರ ಸುತ್ತಾಟವನ್ನು ತಡೆಯುತ್ತದೆ. ಒಂದೇ ದಪ್ಪನೆಯ ಹೊದಿಕೆಗಿಂತ ಹಲವು ತೆಳು ಪದರಗಳು ಮೇಲೆನಿಸುವುದು ಇದೇ ಕಾರಣಕ್ಕೆ. ಬಟ್ಟೆ ಇಲ್ಲಿ ಗೋಡೆ ಮಾತ್ರ, ಮನೆಯೊಳಗೆ ವಾಸವಾಗಿರುವುದು ಗಾಳಿ.

ಇದು ತಿಳಿದ ಮೇಲೆ ಅವ್ವನ ಗೊಣಗಾಟದ ಅರ್ಥವೂ ತಿಳಿಯಿತು. ನಾನು ದಾರವನ್ನು ಬಿಗಿಯಾಗಿ ಎಳೆಯುವವನು. ಹೊಲಿಗೆ ಗಟ್ಟಿಯಾಗಲಿ ಎಂಬ ಆಸೆ. ‘ಎಳೆಯಬೇಡ, ಕೌದಿಯ ಉಸಿರು ಕಟ್ಟುತ್ತದೆ’ ಎನ್ನುತ್ತಾಳೆ ಅವ್ವ. ಹೊಲಿಗೆ ಬಿದ್ದಲ್ಲೆಲ್ಲ ಪದರಗಳು ಒಂದಕ್ಕೊಂದು ಅಂಟಿ, ನಡುವಿನ ಗಾಳಿ ಹೊರಬಿದ್ದು, ಶಾಖಕ್ಕೆ ಒಂದು ಸಣ್ಣ ಸೇತುವೆ ಸಿಗುತ್ತದೆ. ಹಾಗೆಂದು ಹೊಲಿಗೆಯನ್ನೇ ಬಿಟ್ಟರೆ ಪದರಗಳು ಜಾರಿ ಒಂದು ಮೂಲೆಗೆ ಮುದ್ದೆಯಾಗುತ್ತವೆ, ಮಿಕ್ಕ ಕಡೆ ಚಳಿ ನುಗ್ಗುತ್ತದೆ. ಕೌದಿ ಹೊಲಿಯುವವರು ಬೆರಳಿನಗಲ ಬಿಟ್ಟು ಸಾಲು ಹಾಕುವುದು ಈ ಎರಡರ ನಡುವಿನ ರಾಜಿ. ಸೂಜಿ ಮೇಲೆ ಕೆಳಗೆ ಹಾಯುವ ಆ ಸರಳ ಹೊಲಿಗೆಗೆ ಇನ್ನೊಂದು ಜಾಣತನವಿದೆ. ದಾರ ಪ್ರತಿ ತಿರುವಿನಲ್ಲೂ ಬಟ್ಟೆಗೆ ಉಜ್ಜಿಕೊಂಡು ಬಾಗುತ್ತದೆ, ಪ್ರತಿ ಬಾಗಿನಲ್ಲೂ ಘರ್ಷಣೆ ಗುಣಾಕಾರದಲ್ಲಿ ಹೆಚ್ಚುತ್ತದೆ. ಕಂಬಕ್ಕೆ ಹಗ್ಗವನ್ನು ನಾಲ್ಕು ಸುತ್ತು ಹಾಕಿದರೆ ಮಗುವಿನ ಕೈಯೂ ಎತ್ತನ್ನು ಹಿಡಿದು ನಿಲ್ಲಿಸೀತು, ಅದೇ ಲೆಕ್ಕ ಇಲ್ಲಿಯೂ ನಡೆಯುತ್ತದೆ. ಆದ್ದರಿಂದ ಒಂದು ಕಡೆ ದಾರ ತುಂಡಾದರೆ ಸಾಲೆಲ್ಲ ಬಿಚ್ಚಿಹೋಗುವುದಿಲ್ಲ, ನಾಲ್ಕಾರು ಹೊಲಿಗೆ ಸಡಿಲವಾಗಿ ಅಲ್ಲಿಗೇ ನಿಲ್ಲುತ್ತದೆ.

ಹರಿದ ಬಟ್ಟೆಯಿಂದ ಗಟ್ಟಿ ಹೊದಿಕೆ ಹೇಗಾಗುತ್ತದೆ ಎಂಬ ಸಂಶಯ ನನಗೆ ಚಿಕ್ಕಂದಿನಿಂದ ಇತ್ತು. ಒಂದು ಸೀರೆಯ ಹತ್ತರಲ್ಲಿ ಒಂದು ಭಾಗ ಜಾಳಾಗಿದೆ ಎಂದುಕೊಳ್ಳಿ. ಅಂಥ ಇನ್ನೊಂದು ಪದರ ಅದರ ಮೇಲೆ ಬಿದ್ದರೆ ಎರಡೂ ಒಂದೇ ಜಾಗದಲ್ಲಿ ಜಾಳಾಗಿರುವ ಸಾಧ್ಯತೆ ನೂರರಲ್ಲಿ ಒಂದು. ಐದು ಪದರವಾದರೆ ಲಕ್ಷದಲ್ಲಿ ಒಂದು. ಸವೆತ ಎಲ್ಲ ಬಟ್ಟೆಯಲ್ಲೂ ಬೇರೆ ಬೇರೆ ಕಡೆ ಆಗಿರಬೇಕು ಎಂಬುದೊಂದೇ ಷರತ್ತು. ಸೀರೆ ಸವೆಯುವುದು ಕುಳಿತೇಳುವ ಜಾಗದಲ್ಲಿ, ಅಂಗಿ ಸವೆಯುವುದು ಮೊಣಕೈಯಲ್ಲಿ, ಪಂಚೆ ಹರಿಯುವುದು ಅಂಚಿನಲ್ಲಿ. ಬಗೆಬಗೆಯ ಬಟ್ಟೆ ಬೆರೆಸುವುದು ಬಡತನದ ಗುರುತೆಂದು ಕೆಲವರು ತಿಳಿಯುತ್ತಾರೆ. ಆ ಬೆರಕೆಯೇ ಕೌದಿಯ ಬಲ. ಐದೂ ಪದರಕ್ಕೆ ಒಂದೇ ಅಳತೆಯ, ಒಂದೇ ಕಡೆ ಸವೆದ ಪ್ಯಾಂಟುಗಳನ್ನು ಹಾಕಿದ್ದರೆ ಮೊಣಕಾಲೆಲ್ಲ ಒಂದೇ ಕಡೆ ಬಂದು ಕಿಟಕಿಯಾಗುತ್ತಿತ್ತು.

ಹೋದ ವರ್ಷ ನಾನೊಂದು ಅನರ್ಥ ಮಾಡಿದೆ. ಕೌದಿಯ ನಟ್ಟನಡುವೆ ಚೌಕವಾಗಿ ಒಂದು ಹೊಸ ಕೆಂಪು ಖಣದ ತುಂಡು ಕೂರಿಸಿದೆ. ಹತ್ತಿಯದು, ಚೆನ್ನಾಗಿ ಕಾಣುತ್ತಿತ್ತು. ಮೊದಲು ಒಗೆಯಬೇಕೆಂದು ಅವ್ವ ಹೇಳಿದ್ದಳು, ನಾನು ಕೇಳಲಿಲ್ಲ. ಮೊದಲ ಒಗೆತಕ್ಕೆ ಖಣ ಕುಗ್ಗಿ ಸುತ್ತಲಿನ ಹಳೆಯ ಬಟ್ಟೆಯನ್ನೆಲ್ಲ ತನ್ನತ್ತ ಎಳೆದುಕೊಂಡಿತು. ಅದರ ಕೆಂಪು ಅಪ್ಪನ ಬಿಳಿ ಧೋತರದ ಮೇಲೆ ಹರಿಯಿತು.

ಮಗ್ಗದಲ್ಲಿ ನೂಲನ್ನು ಬಿಗಿಯಾಗಿ ಎಳೆದು ನೇಯುತ್ತಾರೆ. ಆ ಬಿಗುವು ಬಟ್ಟೆಯೊಳಗೆ ಹಾಗೆಯೇ ಉಳಿದಿರುತ್ತದೆ, ಮೇಲಿನ ಗಂಜಿ ಅದನ್ನು ಕಾಯುತ್ತದೆ. ನೀರು ಹೊಕ್ಕಾಗ ಹತ್ತಿಯ ಎಳೆ ಉಬ್ಬುತ್ತದೆ. ಉಬ್ಬಿದ ಹೊಕ್ಕನ್ನು, ಅಂದರೆ ಅಡ್ಡ ನೂಲನ್ನು, ಬಳಸಿ ಹಾಯಬೇಕಾದ ಹಾಸಿನ, ಅಂದರೆ ಉದ್ದ ನೂಲಿನ, ದಾರಿ ಉದ್ದವಾಗುತ್ತದೆ, ನೂಲಿನ ಉದ್ದವೋ ಇದ್ದಷ್ಟೇ. ಹಾಗಾಗಿ ಬಟ್ಟೆ ಕಿರಿದಾಗುತ್ತದೆ. ಹಳೆಯ ಬಟ್ಟೆ ಈ ಕುಗ್ಗಾಟವನ್ನೆಲ್ಲ ಎಂದೋ ಮುಗಿಸಿ ಕುಳಿತಿದೆ. ಅಮೆರಿಕದಲ್ಲಿ ಕ್ವಿಲ್ಟ್ ಹೊಲಿಯುವ ಕೆಲವರು ಈ ಸುಕ್ಕು ಬೇಕೆಂದೇ ಒಳಗಿನ ಹತ್ತಿಯ ಪದರವನ್ನು ಒಗೆಯದೆ ಹೊಲಿಯುತ್ತಾರೆ. ಸುಕ್ಕಿನ ಮಡಿಕೆಗಳಲ್ಲಿ ಇನ್ನಷ್ಟು ಗಾಳಿ ಸೇರುತ್ತದೆ ಎಂಬುದು ನಿಜ. ನನ್ನ ತಪ್ಪನ್ನು ಮುಚ್ಚಿಕೊಳ್ಳಲು ಇದನ್ನು ಅವ್ವನಿಗೆ ಹೇಳಿ ನೋಡಿದೆ. ಅವಳು ಒಪ್ಪಲಿಲ್ಲ.

ಬಣ್ಣದ ವಿಷಯ ಬೇರೆ. ಕೆಲವು ಬಣ್ಣಗಳು ಹತ್ತಿಯ ಎಳೆಗೆ ದುರ್ಬಲವಾದ ಆಕರ್ಷಣೆಯಿಂದ ಅಂಟಿರುತ್ತವೆ, ನೀರು ಸಿಕ್ಕರೆ ಬಿಟ್ಟುಹೋಗುತ್ತವೆ. ಎಳೆಯ ಅಣುಗಳ ಜೊತೆ ನಿಜವಾದ ರಾಸಾಯನಿಕ ಬಂಧ ಬೆಸೆಯುವ ಬಣ್ಣಗಳು ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಎಷ್ಟೋ ಮನೆಗಳಲ್ಲಿ ನಂಬುತ್ತಾರೆ. ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪು ಬಣ್ಣವನ್ನು ಎಳೆಯ ಕಡೆಗೆ ತಳ್ಳುವುದು ಹೌದು, ಆದರೆ ಆಮೇಲೆ ಇಲ್ಲದ ಬಂಧವನ್ನು ಅದು ಬೆಸೆಯಲಾರದು. ನಾನು ಒಂದು ಸೇರು ಉಪ್ಪು ದಂಡ ಮಾಡಿಕೊಂಡು ಕಲಿತ ಪಾಠ ಇದು.

ತುಂಡುಗಳನ್ನು ಅವ್ವ ಕತ್ತರಿಸುವುದಿಲ್ಲ, ಹರಿಯುತ್ತಾಳೆ. ಅಂಚಿಗೆ ಕತ್ತರಿಯಿಂದ ಸಣ್ಣ ಗಾಯ ಮಾಡಿ ಎರಡೂ ಕೈಯಿಂದ ಎಳೆದರೆ ಪರ್ರೆಂದು ನೇರವಾಗಿ ಹೋಗುತ್ತದೆ. ಗಾಯವಿಲ್ಲದಿದ್ದಾಗ ಎಳೆತವನ್ನು ನೂರಾರು ನೂಲುಗಳು ಹಂಚಿಕೊಳ್ಳುತ್ತವೆ. ಗಾಯವಾದ ಮೇಲೆ ಅದರ ತುದಿಯಲ್ಲಿರುವ ಒಂದೆರಡು ನೂಲಿನ ಮೇಲೆ ಇಡೀ ಬಲ ಬೀಳುತ್ತದೆ, ಒಂದು ತುಂಡಾದರೆ ಮುಂದಿನದರ ಸರದಿ. ಹರಿದ ಅಂಚು ನೂಲಿನ ಜಾಡನ್ನೇ ಹಿಡಿಯುವುದರಿಂದ ಆ ತುಂಡು ಮುಂದೆ ಸೊಟ್ಟಗಾಗುವುದಿಲ್ಲ. ಕತ್ತರಿಯಿಂದ ಓರೆಯಾಗಿ ಕತ್ತರಿಸಿದ ತುಂಡು ಹಾಗಲ್ಲ. ಓರೆಯಾಗಿ ಎಳೆದಾಗ ನೂಲು ಹಿಗ್ಗಬೇಕಿಲ್ಲ, ನೇಯ್ಗೆಯ ಚೌಕಗಳು ವಾಲಿಕೊಂಡರೆ ಸಾಕು, ಬಟ್ಟೆ ಉದ್ದವಾಗಿಬಿಡುತ್ತದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಎಂಬ ಕೌದಿಯ ವಿಧಾನ ನಮ್ಮದಕ್ಕಿಂತ ಬೇರೆ. ಆಫ್ರಿಕಾ ಮೂಲದ ಈ ಜನ ಕವಂದಿಯನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚಿನುದ್ದಕ್ಕೂ ತುಂಡು ಸೇರಿಸುತ್ತ, ಸುತ್ತಿ ಸುತ್ತಿ ಕೊನೆಗೆ ನಡುವಿಗೆ ಬಂದು ಮುಗಿಸುತ್ತಾರೆ. ಪಾಶ್ಚಾತ್ಯ ಪದ್ಧತಿಯಲ್ಲಿ ಸಾಮಾನ್ಯವಾಗಿ ಹೇಳಿಕೊಡುವುದು ಇದರ ತದ್ವಿರುದ್ಧ: ನಡುವಿನಿಂದ ಹೊರಟು ಸುಕ್ಕನ್ನು ಅಂಚಿಗೆ ತಳ್ಳಿ ಎಂದು. ಹೊರಗಿನಿಂದ ಒಳಗೆ ಬಂದರೆ ಹೆಚ್ಚಾದ ಬಟ್ಟೆಯೆಲ್ಲ ನಡುವೆ ಗುಪ್ಪೆಯಾಗಬೇಕಲ್ಲವೆ? ಆಗುವುದಿಲ್ಲ. ಪಾಶ್ಚಾತ್ಯ ಕ್ವಿಲ್ಟಿನ ಮೇಲ್ಪದರ ಮೊದಲೇ ಪೂರ್ತಿ ಜೋಡಿಸಿದ ಒಂದು ಹಾಳೆ, ಅದರಲ್ಲಿ ಮಿಕ್ಕದ್ದು ಎಲ್ಲಿಗಾದರೂ ಹೋಗಲೇಬೇಕು. ಕವಂದಿಯಲ್ಲಿ ಮೇಲ್ಪದರವೆಂಬುದು ಹೊಲಿಯುತ್ತ ಹುಟ್ಟುತ್ತದೆ. ಪ್ರತಿ ತುಂಡನ್ನೂ ಆ ಕ್ಷಣ ಉಳಿದ ಜಾಗಕ್ಕೆ ತಕ್ಕಂತೆ ಮಡಿಸಿ ಇಡುವುದರಿಂದ ತಪ್ಪು ಕೂಡಿಕೊಳ್ಳುವುದೇ ಇಲ್ಲ. ಕೊನೆಗೆ ನಾಲ್ಕೂ ಮೂಲೆಗೆ ಮಡಿಸಿದ ತ್ರಿಕೋನದ ‘ಫೂಲ’ ಇಡುತ್ತಾರೆ. ಹೂವು ಎಂದರ್ಥ. ಅದಕ್ಕೆ ಭೌತಶಾಸ್ತ್ರದ ಕಾರಣ ಹುಡುಕುವ ಚಪಲ ನನಗಿಲ್ಲ.

ಈಚೆಗೆ ಗಂಟಿನಲ್ಲಿ ಪಾಲಿಯೆಸ್ಟರ್ ಸೀರೆಗಳು ಹೆಚ್ಚಾಗಿವೆ. ಹರಿಯುವುದಿಲ್ಲ, ಬಣ್ಣ ಬಿಡುವುದಿಲ್ಲ, ಬೇಗ ಒಣಗುತ್ತವೆ. ಆದರೂ ಒಳಪದರಕ್ಕೆ ಅವ್ವ ಅವನ್ನು ಮುಟ್ಟುವುದಿಲ್ಲ, ಸರಿಯೇ. ಸಾಧಾರಣ ತೇವದ ಹವೆಯಲ್ಲಿ ಹತ್ತಿ ತನ್ನ ತೂಕದ 7-8 ಶೇಕಡಾದಷ್ಟು ನೀರನ್ನು ಹೀರಿಕೊಂಡಿರುತ್ತದೆ. ಮುಟ್ಟಿದರೆ ಒಣಗಿದಂತೆಯೇ ಇರುವ ಮೂರು ಕಿಲೋ ಕೌದಿಯಲ್ಲಿ ಒಂದು ಲೋಟ ನೀರು ಅಡಗಿದೆ ಎಂದ ಹಾಗಾಯಿತು. ಪಾಲಿಯೆಸ್ಟರ್ ಹಿಡಿಯುವುದು ಅರ್ಧ ಶೇಕಡಾಕ್ಕಿಂತ ಕಡಿಮೆ. ರಾತ್ರಿಯಿಡೀ ನಮ್ಮ ಚರ್ಮದಿಂದ ಏಳುವ ಆವಿಯನ್ನು ಹತ್ತಿ ತನ್ನೊಳಗೆ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರಿನಡಿ ಅದು ಮೈಮೇಲೆಯೇ ಜಿಗುಟಾಗಿ ಉಳಿಯುತ್ತದೆ.

ಎಳೆದುಕೊಂಡ ತೇವವನ್ನು ಹಗಲು ತೆಗೆದುಹಾಕದಿದ್ದರೆ ಮಾತ್ರ ಕೌದಿ ಕೆಡುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚಾಗಿ ಶಾಖವನ್ನು ದಾಟಿಸುತ್ತದೆ, ತೇವಗೊಂಡ ಎಳೆಗಳು ಸೋತು ಒಂದರ ಮೇಲೊಂದು ಮಲಗುತ್ತವೆ. ಬಿಸಿಲಿಗೆ ಹಾಕಿದಾಗ ಎಳೆ ಮತ್ತೆ ನಿಗುರುತ್ತದೆ, ಗಾಳಿ ಮರಳಿ ಬರುತ್ತದೆ. ಇನ್ನೊಂದು ಸೋಜಿಗವಿದೆ: ಚೆನ್ನಾಗಿ ಒಣಗಿದ ಹತ್ತಿ ಆವಿಯನ್ನು ಹೀರುವಾಗ ಸ್ವಲ್ಪ ಶಾಖವನ್ನೂ ಬಿಟ್ಟುಕೊಡುತ್ತದೆ. ಬಿಸಿಲು ಕಂಡ ಕೌದಿಯನ್ನು ರಾತ್ರಿ ಹೊದ್ದ ಕೂಡಲೇ ಸಿಗುವ ಹಿತದಲ್ಲಿ ಅದರ ಪಾಲೂ ಇದೆ.

ಈ ವರ್ಷದ ಕೌದಿ ಮುಕ್ಕಾಲು ಆಗಿದೆ. ನಡುವಿಗೆ ಒಂದು ಚೌಕ ಬಾಕಿ. ಗಂಟಿನ ತಳದಲ್ಲಿ ಇನ್ನೊಂದು ಹೊಸ ಖಣ ಸಿಕ್ಕಿತು, ಹಸಿರು ಬಣ್ಣದ್ದು. ಮೂರು ದಿನದಿಂದ ಅದು ಹಿತ್ತಲಿನ ಬಕೆಟ್ಟಿನಲ್ಲಿ ನೆನೆಯುತ್ತಿದೆ. ಬೆಳಗ್ಗೆ ಬಗ್ಗಿ ನೋಡಿದೆ, ನೀರು ಇನ್ನೂ ಹಸಿರಾಗಿಯೇ ಇತ್ತು. ಚೆಲ್ಲಿ ಬೇರೆ ನೀರು ತುಂಬಿಸಿ ಬಂದೆ.